ಉದ್ರಿ ವಿಭಕ್ತಿ

ಪಾಣಿನಿಗೆ ಸುಮಾರು 4,000 ಸೂತ್ರ ಬೇಕಾದವು. ಎಸ್ಪೆರಾಂಟೊ ಎಂಬ ಭಾಷೆ ಕಟ್ಟಿದ ಝಾಮೆನ್‌ಹಾಫ್ 1887ರಲ್ಲಿ 16 ನಿಯಮಗಳಲ್ಲೇ ಕೆಲಸ ಮುಗಿಸಿದ. ನಾನು ಕೆರೂರಿನ ನನ್ನ ಕಿರಾಣಿ ಅಂಗಡಿಯಲ್ಲಿ ಕೂತು ಒಂದು ಭಾಷೆ ಹುಟ್ಟಿಸಲು ಹೊರಟಾಗ ಕೈಯಲ್ಲಿದ್ದದ್ದು ಒಂದು ಹಳೆಯ ಖಾತೆ ಪುಸ್ತಕ ಮತ್ತು ಗಿರಾಕಿಗಳಿಲ್ಲದ ಬ್ಯಾಸಿಗೆಯ ಮಧ್ಯಾಹ್ನಗಳು.

ಹುಚ್ಚು ಹತ್ತಿಸಿದ್ದು 2015ರ ‘ಬಾಹುಬಲಿ’. ಅದರಲ್ಲಿ ಕಾಲಕೇಯರು ಆಡುವ ‘ಕಿಲಿಕಿ’ಯನ್ನು ಮದನ್ ಕಾರ್ಕಿ ಎಂಬ ತಮಿಳು ಸಾಹಿತಿ ಕಟ್ಟಿದ್ದಾರೆ. ಸಿನಿಮಾ ಬಂದಾಗ ಅದರಲ್ಲಿದ್ದದ್ದು ಸುಮಾರು 750 ಪದ, 40 ವ್ಯಾಕರಣ ನಿಯಮ. 2020ರ ಫೆಬ್ರುವರಿಯಲ್ಲಿ, ಮಾತೃಭಾಷಾ ದಿನದಂದು, ಅದಕ್ಕೆ ಲಿಪಿಯೂ ಬಂತು. ಸಿನಿಮಾದ ನಿರ್ದೇಶಕ ರಾಜಮೌಳಿ ಹುಟ್ಟಿದ್ದು ನಮ್ಮ ಪಕ್ಕದ ರಾಯಚೂರು ಜಿಲ್ಲೆಯಲ್ಲಿ. ರಾಯಚೂರಿನವರ ಕೈಲಿ ಆಗುವುದು ಬಾಗಲಕೋಟೆಯವರ ಕೈಲಿ ಆಗುವುದಿಲ್ಲವೇ?

ಮೊದಲು ಧ್ವನಿಗಳು. ಕನ್ನಡದಿಂದ ಎಂದೋ ಮರೆಯಾದ ೞಕಾರವನ್ನು ಎಬ್ಬಿಸಿ ತಂದೆ. ಅದನ್ನು ನಾನು ಹೇಗೆ ಉಚ್ಚರಿಸಿದರೂ ತಪ್ಪೆನ್ನುವವರು ಊರಲ್ಲಿ ಯಾರೂ ಇರಲಿಲ್ಲ. ಬೀಡಿ ಕೊಳ್ಳಲು ನಿಂತ ತಮಿಳುನಾಡಿನ ಲಾರಿ ಚಾಲಕನೊಬ್ಬ ಮಾತಿನ ನಡುವೆ ಅದನ್ನು ನನಗಿಂತ ಸಲೀಸಾಗಿ ಉರುಳಿಸಿ ಹೋದ ಮೇಲೆ ಆ ಅಕ್ಷರದ ಮೇಲಿನ ಪ್ರೀತಿ ಕಡಿಮೆಯಾಯಿತು. ಆಮೇಲೆ ಸಣ್ಣ ವಸ್ತುವಿಗೆ ಅಲ್ಪಪ್ರಾಣ, ದೊಡ್ಡದಕ್ಕೆ ಮಹಾಪ್ರಾಣ ಎಂದು ವಿಧಿಸಿದೆ. ‘ಗಟು’ ಅಂದರೆ ಸಣ್ಣ ರೊಟ್ಟಿ, ‘ಘಟು’ ಅಂದರೆ ದೊಡ್ಡದು. ನಮ್ಮ ಬಾಯಲ್ಲಿ ಭೀಮನೇ ಬೀಮಪ್ಪನಾಗುವಾಗ ಘಟು ಉಳಿದೀತೇ? ಎಲ್ಲ ರೊಟ್ಟಿಗಳೂ ಸಣ್ಣವೇ ಆದವು.

ನನ್ನ ನಿಜವಾದ ಹೆಮ್ಮೆ ಉದ್ರಿ ವಿಭಕ್ತಿ. ಕೊಟ್ಟ ಸಾಮಾನು ರೊಕ್ಕಕ್ಕೋ ಉದ್ರಿಗೋ ಎಂದು ತಿಳಿಸುವ ಪ್ರತ್ಯಯ ಕನ್ನಡದಲ್ಲಿಲ್ಲ. ಕೇಶಿರಾಜ ಕಿರಾಣಿ ಅಂಗಡಿ ಇಟ್ಟಿದ್ದರೆ ‘ಶಬ್ದಮಣಿದರ್ಪಣ’ದಲ್ಲಿ ಈ ಕೊರತೆ ಬಿಡುತ್ತಿರಲಿಲ್ಲ. ನನ್ನ ಭಾಷೆಯಲ್ಲಿ ‘ಮಿಸು’ ಸಕ್ಕರೆ. ‘ಮಿಸುಖೂ’ ಉದ್ರಿ ಒಯ್ದ ಸಕ್ಕರೆ. ‘ಮಿಸುಖೂಖೂ’ ಒಯ್ದವರು ಮರೆತ ಸಕ್ಕರೆ. ಭವಿಷ್ಯತ್ ಕಾಲವೂ ಎರಡು: ನಡೆಯುವಂಥದ್ದು ಒಂದು, ‘ಸಂತಿ ದಿನ ಕೊಡ್ತೀನ್ರಿ’ ಎಂಬುದು ಇನ್ನೊಂದು.

ಕೆಟ್ಟದ್ದು ಕಿಲಿಕಿಯಿಂದ ಕದ್ದ ನಿಯಮ. ಅಲ್ಲಿ ‘ಮಿನ್’ ಅಂದರೆ ನಾನು, ತಿರುಗಿಸಿ ‘ನಿಮ್’ ಅಂದರೆ ನೀನು. ನಾನೂ ವಿರುದ್ಧಾರ್ಥಕ್ಕೆಲ್ಲ ಅಕ್ಷರ ತಿರುಗಿಸಿದೆ: ‘ಟುರು’ ತಾ, ‘ರುಟು’ ಒಯ್ಯಿ. ‘ಬಾ’ ಎನ್ನುವುದಕ್ಕೆ ಮಾತ್ರ ‘ಘೇ’ ಎಂಬ ಒಂದೇ ಅಕ್ಷರ ಇಟ್ಟಿದ್ದೆ. ಒಂದೇ ಅಕ್ಷರವನ್ನು ಹಿಂದುಮುಂದಾಗಿ ಓದಿದರೂ ಅದೇ. ಹೀಗಾಗಿ ಹೋಗು ಎನ್ನುವುದಕ್ಕೂ ‘ಘೇ’.

ಇದು ಬಯಲಾದದ್ದು ನನ್ನ ತಂಗಿಯ ಮಗ ಸೂಟಿಗೆ ಬಂದಾಗ. ಭಾಷೆಯ ಎರಡನೆಯ ಭಾಷಿಕ ಅವನೇ. ಸಂಬಳ ದಿನಕ್ಕೊಂದು ಪೆಪ್ಪರಮೆಂಟು. ಬಾಗಿಲಾಚೆ ನಿಲ್ಲಿಸಿ ‘ಘೇ’ ಎಂದೆ. ಒಳಗೆ ಬಂದ. ಮತ್ತೆ ‘ಘೇ’ ಎಂದೆ. ಒಂದು ಹೆಜ್ಜೆ ಹೊರಗಿಟ್ಟ, ನನ್ನ ಮುಖ ನೋಡಿದ, ಹೊಸ್ತಿಲ ಮೇಲೆ ನಿಂತುಬಿಟ್ಟ. ಎಡಗಾಲು ಪಡಸಾಲೆಯಲ್ಲಿ, ಬಲಗಾಲು ಕಟ್ಟೆಯ ಮೇಲೆ. ‘ಮಾಮಾ, ಯಾವ ಘೇ?’ ಎಂದು ಕನ್ನಡದಲ್ಲಿ ಕೇಳಿದ. ಕನ್ನಡ ಆಡಿದರೆ ಪೆಪ್ಪರಮೆಂಟು ಕಡಿತ ಎಂಬ ನಿಯಮ ನೆನಪಾಗಿ ಬಾಯಿ ಮುಚ್ಚಿಕೊಂಡ. ನಾನು ಸಂದರ್ಭದಿಂದ ಅರ್ಥ ಹೊಳೆಯಲಿ ಎಂದು ಹುಬ್ಬು ಹಾರಿಸಿದೆ. ಅವನೂ ಹಾರಿಸಿದ. ಉದ್ರಿ ಎಣ್ಣೆಗೆ ಬಂದ ಎದುರುಮನೆ ಕಾಕಾ ಒಳಗೆ ಬರಲಾಗದೆ, ಹೋಗಲಾಗದೆ ಬಾಟಲಿ ಹಿಡಿದು ಅವನ ಬೆನ್ನ ಹಿಂದೆ ನಿಂತರು. ನಾಯಿಯೊಂದು ಬಂದು ಕಾಕಾರ ಹಿಂದೆ ನಿಂತಿತು. ಮೆರವಣಿಗೆ ಇನ್ನೂ ಬೆಳೆಯುತ್ತಿತ್ತೇನೋ, ಅಡುಗೆಮನೆಯಿಂದ ಅವ್ವ ಬಂದಳು. ‘ಏ ಭಾಡ್ಯಾ, ಹೊಸ್ತಿಲ ಮ್ಯಾಲ ನಿಂದರಬಾರದೋ! ಒಳಗರ ಬಾ, ಹೊರಗರ ಹೋಗು!’

ನನ್ನ ವ್ಯಾಕರಣ ಮಾಡಲಾಗದ್ದನ್ನು ಅವ್ವ ಒಂದೇ ಉಸಿರಿನಲ್ಲಿ ಮಾಡಿದಳು. ಹುಡುಗ ಒಳಗೆ, ಕಾಕಾ ಎಣ್ಣೆಯ ಕಡೆ, ನಾಯಿ ಹೊರಗೆ.

ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ ನನ್ನ ಹೆಂಡತಿ ಗುಳೇದಗುಡ್ಡದ ತನ್ನ ಅಕ್ಕನಿಗೆ ಫೋನು ಹಚ್ಚಿದಳು. ಅಕ್ಕತಂಗಿಯರು ಗುಟ್ಟಿದ್ದರೆ ‘ಕ’ ಭಾಷೆಗೆ ಇಳಿಯುತ್ತಾರೆ. ಪ್ರತಿ ಅಕ್ಷರಕ್ಕೂ ಮೊದಲು ಒಂದು ಕ, ಅಷ್ಟೇ ವ್ಯಾಕರಣ. ವೇಗ ಮಾತ್ರ ಹುಬ್ಬಳ್ಳಿ ಬಸ್ಸಿನದು. ಬಹಳ ಹೊತ್ತು ಕಿವಿಗೊಟ್ಟ ಮೇಲೆ ಒಂದು ವಾಕ್ಯ ಹಿಡಿದೆ: ‘ಕಇ-ಕವ-ಕರಿ-ಕಗೆ ಕಹು-ಕಚ್ಚು.’

ಬೇಸರವೇನೂ ಆಗಲಿಲ್ಲ. ಬೇಸರ ಬೇರೆ ಕಡೆಯದು. ಬೆಂಗಳೂರಿನಲ್ಲೊಮ್ಮೆ ಅಂಗಡಿಯವನಿಗೆ ‘ಎಷ್ಟ ಆತ್ರೀ, ಚಿಲ್ಲರ ಐತೇನ್ರಿ’ ಎಂದೆ. ಪಕ್ಕದವರು ನಕ್ಕು, ‘ಸರ್, ಇದು ಯಾವ ಭಾಷೆ? ಇನ್ನೊಂದ್ಸಲ ಹೇಳಿ’ ಎಂದರು. ಕಾಲಕೇಯರು ಬಾಯಿ ತೆಗೆದರೆ ಜನ ಹೆದರಿದರು. ನಾವು ತೆಗೆದರೆ ನಗುತ್ತಾರೆ. ಸಿನಿಮಾದವರೂ ನಮ್ಮ ಮಾತನ್ನು ಹುಡುಕಿ ಹುಡುಕಿ ನಗಿಸುವವನ ಬಾಯಿಗೇ ಇಡುತ್ತಾರೆ. ಬೇಂದ್ರೆಯವರು ಬರೆದರೆ ಕಾವ್ಯ, ನಾನು ಚಿಲ್ಲರೆ ಕೇಳಿದರೆ ಕಾಮಿಡಿ. ಕೆರೂರಿನಿಂದ ಅಷ್ಟೇನೂ ದೂರವಿಲ್ಲದ ಬಾದಾಮಿಯಲ್ಲಿ ಸುಮಾರು 700ನೇ ಇಸವಿಯಲ್ಲೇ ಕಪ್ಪೆ ಅರಭಟ್ಟನ ಗುಣವನ್ನು ಬಂಡೆಯ ಮೇಲೆ ತ್ರಿಪದಿಯಲ್ಲಿ ಕೊರೆದಿಟ್ಟರು. ಮೊದಲು ‘ಏನ್ರಿ’ ಬಿಟ್ಟು ಬಾ ಎಂದು ಕೊರೆದವನನ್ನು ಯಾರೂ ಹಿಂದಕ್ಕೆ ಕಳಿಸಲಿಲ್ಲ.

ಇರಲಿ. ಹೊಸ ನಿಯಮಕ್ಕೆಂದು ಅಮೀನಗಡದ ಕುರಿ ಸಂತೆಗೆ ಹೋದೆ. ಅಲ್ಲಿ ಧ್ವನಿಯೇ ಇಲ್ಲದ ಭಾಷೆ ಇದೆ. ದಲಾಲಿ ಮತ್ತು ಗಿರಾಕಿ ಟವೆಲಿನಡಿ ಕೈ ಹಿಡಿಯುತ್ತಾರೆ. ಹಿಡಿದ ಬೆರಳೇ ಬೆಲೆ. ನೂರೋ ಸಾವಿರವೋ ಎಂಬುದು ಕುರಿಯನ್ನು ನೋಡಿದರೆ ತಿಳಿಯುತ್ತದಂತೆ. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ ಮಾತ್ರ, ಎರಡರಲ್ಲೂ ಏನೂ ಇಲ್ಲ. ನಾನು ಖಾತೆ ಪುಸ್ತಕ ತೆಗೆದು, ಟವೆಲಿನ ಅಂಚು ಎತ್ತಿ, ಬೆರಳುಗಳ ವ್ಯಾಕರಣ ಕೇಳಿದೆ.

‘ಕುರಿ ತಗೋತೀರೇನ್ರಿ?’ ಎಂದ ದಲಾಲಿ.

‘ಇಲ್ಲ.’

‘ಹಂಗಾರ ಟವೆಲ್ ಬಿಡ್ರಿ.’

ಬಿಟ್ಟೆ. ಆ ಭಾಷೆ ಕಲಿಯಬೇಕಾದರೆ ಕುರಿ ಕೊಳ್ಳಲೇಬೇಕು. ಅದೂ ರೊಕ್ಕ ಕೊಟ್ಟು. ಅಲ್ಲಿ ಉದ್ರಿ ನಡೆಯುವುದಿಲ್ಲ.