ಆರು ತಿಂಗಳ ಅಜ್ಜಿ

ನ್ಯೂಜೆರ್ಸಿ, ಡಲ್ಲಾಸ್, ಸ್ಯಾನ್ ಹೋಸೆ ಕಡೆಯ ಕನ್ನಡಿಗರ ಮನೆಗಳಿಗೆ, ಹೆರಿಗೆಗೆ ಎರಡು ಮೂರು ವಾರ ಇದೆ ಎನ್ನುವಾಗ ಬಂದಿಳಿಯುವ ಒಂದು ಜಾತಿಯ ಅಜ್ಜಿಯರಿದ್ದಾರೆ. ವಯಸ್ಸು ಅರವತ್ತರ ಆಚೆ ಈಚೆ. ಆದರೂ ಇವರನ್ನು ಆರು ತಿಂಗಳ ಅಜ್ಜಿ ಎನ್ನದೆ ವಿಧಿಯಿಲ್ಲ. ಬಿ-2 ವೀಸಾದಲ್ಲಿ ಬಂದವರಿಗೆ ವಿಮಾನ ನಿಲ್ದಾಣದ ಅಧಿಕಾರಿ ಸಾಮಾನ್ಯವಾಗಿ ಬರೆದುಕೊಡುವ ಆಯುಷ್ಯ ಅಷ್ಟೇ.

ಅಜ್ಜಿಯ ಜೊತೆ 23 ಕಿಲೋದ ಎರಡು ಸೂಟ್‌ಕೇಸು ಬರುತ್ತವೆ. ತಾತನವೂ ಎರಡು, ಆದರೆ ಅವುಗಳಲ್ಲಿರುವುದೂ ಅಜ್ಜಿಯ ಸಾಮಾನೇ. ಬಾಣಂತಿ ಲೇಹ್ಯ, ಬಜೆ, ಅಳಲೆಕಾಯಿ, ಸಾಂಬ್ರಾಣಿ, ತಾತನ ಹಳೇ ಪಂಚೆಗಳನ್ನು ಹರಿದು ಒಗೆದು ಮಡಿಸಿದ ಮೆತ್ತನೆ ಬಟ್ಟೆ, ಮತ್ತು ಮಗುವಿನ ತಲೆ ದುಂಡಗಾಗಲೆಂದು ಸಾಸಿವೆ ತುಂಬಿದ ಒಂದು ಪುಟ್ಟ ದಿಂಬು. ಈ ದಿಂಬಿನ ಎದುರು ಕಸ್ಟಮ್ಸ್ ಅಧಿಕಾರಿ ಸ್ವಲ್ಪ ಹೊತ್ತು ತಬ್ಬಿಬ್ಬಾಗುತ್ತಾನೆ. ಅವನ ಅರ್ಜಿಯಲ್ಲಿ ತಿನ್ನುವ ವಸ್ತುವಿಗೆ ಒಂದು ಪ್ರಶ್ನೆ ಇದೆ. ತಲೆ ಇಟ್ಟು ಮಲಗುವ ಸಾಸಿವೆಗೆ ಇಲ್ಲ. ಅಜ್ಜಿ ಕೈಯನ್ನು ಕೆನ್ನೆಯ ಕೆಳಗಿಟ್ಟು ಕಣ್ಣು ಮುಚ್ಚಿ ತೋರಿಸುತ್ತಾರೆ. ಹದಿನೆಂಟು ಗಂಟೆ ಪ್ರಯಾಣ ಮಾಡಿ ಬಂದ ಮುದುಕಿಗೆ ನಿದ್ದೆ ಬಂದಿದೆ ಎಂದುಕೊಂಡು ಅವನು ಬಿಟ್ಟುಬಿಡುತ್ತಾನೆ.

ಮನೆಗೆ ಬಂದರೆ ಮಗುವಿಗೊಂದು ಕೋಣೆ ಸಿದ್ಧವಾಗಿದೆ. ಗೋಡೆಗೆ ಮೋಡದ ಚಿತ್ರ, ಮೇಲಿನಿಂದ ತೂಗುಬಿದ್ದ ಬಟ್ಟೆಯ ಆನೆಗಳು, ನಡುವೆ ಬಿಳಿ ಬಣ್ಣದ ಕ್ರಿಬ್. ಅಳಿಯ ಹೆಮ್ಮೆಯಿಂದ ತೋರಿಸುತ್ತಾನೆ: ಸರಳುಗಳ ನಡುವಿನ ಸಂದು ಆರು ಸೆಂಟಿಮೀಟರ್ ದಾಟುವಂತಿಲ್ಲ, ಪಕ್ಕ ಕೆಳಗೆ ಜಾರುವ ಹಳೇ ಮಾದರಿಯನ್ನು 2011ರಲ್ಲೇ ನಿಷೇಧಿಸಿದ್ದಾರೆ, ಮೆತ್ತೆಯ ಅಂಚುಪಟ್ಟಿಯನ್ನು 2022ರಲ್ಲಿ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಾರೆ. "ಇದರ ಪಕ್ಕ ನಾನು ಎಲ್ಲಿ ಮಲಗಲಿ?"

ನೀವು ಆ ಕೋಣೆಯಲ್ಲಿ ಮಲಗುವುದಿಲ್ಲ, ಯಾರೂ ಮಲಗುವುದಿಲ್ಲ, ಮಗು ಮಾತ್ರ ಎಂದು ಹೇಳುವ ಧೈರ್ಯ ಅಳಿಯನಿಗಿಲ್ಲ. ಅತ್ತೆ ಬಂದು ಇನ್ನೂ ಚಪ್ಪಲಿ ಬಿಟ್ಟಿಲ್ಲ.

ಮರುದಿನದಿಂದ ಅಜ್ಜಿಯ ಕಣ್ಣು ಸೂರಿನ ಮೇಲೆ. ಮನೆ ಅಂದಮೇಲೆ ತೊಲೆ ಇರಬೇಕು, ತೊಲೆಯಲ್ಲಿ ಕೊಂಡಿ ಇರಬೇಕು, ಕೊಂಡಿಗೆ ತೊಟ್ಟಿಲು. ತೊಟ್ಟಿಲಿಲ್ಲದಿದ್ದರೆ ಒಂದು ಸೀರೆಯ ಜೋಲಿಯಾದರೂ. ತಾತ ಕೊಡೆಯ ಹಿಡಿಯಿಂದ ಸೂರನ್ನು ಕುಟ್ಟುತ್ತಾ ಇಡೀ ಮನೆ ಸುತ್ತುತ್ತಾರೆ. ಎಲ್ಲಿ ಕುಟ್ಟಿದರೂ ಟೊಳ್ಳು ಸದ್ದು. ಅದು ಜಿಪ್ಸಮ್ ಹಲಗೆ, ತೊಲೆ ಅದರ ಹಿಂದೆ ಎಲ್ಲೋ ಅಡಗಿರುತ್ತದೆ, ಅದನ್ನು ಹುಡುಕಲು ಬೇರೆ ಯಂತ್ರವೇ ಬೇಕು ಎಂದು ಅಳಿಯ ವಿವರಿಸುತ್ತಾನೆ. "ಇಷ್ಟು ಲಕ್ಷ ಡಾಲರಿನ ಮನೆ, ಒಂದು ಕೂಸಿನ ಭಾರ ತಡೆಯಲ್ವೇನ್ರೀ?" ಎಂದು ಅಜ್ಜಿ ಕೇಳುವುದು ತಾತನನ್ನು. ಅಳಿಯಂದಿರನ್ನು ನೇರವಾಗಿ ಅನ್ನಬಾರದಲ್ಲ. ಸಾಂಬ್ರಾಣಿಯ ಕತೆ ಹೇಳುವುದೇ ಬೇಡ. ಅಲ್ಲಿ ಒಂದೊಂದು ಮಲಗುವ ಕೋಣೆಗೂ ಒಂದೊಂದು ಹೊಗೆ ಗಂಟೆ ಇರುತ್ತದೆ ಎಂದಷ್ಟೇ ಹೇಳಿದರೆ ಓದುಗರಿಗೆ ಸಾಕು.

ಮಗು ಬಂದಮೇಲೆ ಆಸ್ಪತ್ರೆಯಿಂದ ಒಂದು ಕರಪತ್ರವೂ ಬರುತ್ತದೆ. ಮಗಳು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳುತ್ತಾಳೆ. ಮಗುವನ್ನು ಅಂಗಾತ ಮಲಗಿಸಬೇಕು. ಗಟ್ಟಿಯಾದ, ಸಮತಟ್ಟಾದ ಹಾಸಿಗೆ ಇರಬೇಕು. ದಿಂಬು, ಹೊದಿಕೆ, ಗೊಂಬೆ ಕೂಡದು. ಕಡೇಪಕ್ಷ ಮೊದಲ ಆರು ತಿಂಗಳು ತಂದೆತಾಯಿಯ ಕೋಣೆಯಲ್ಲೇ ಮಲಗಬೇಕು, ಆದರೆ ಅವರ ಹಾಸಿಗೆಯಲ್ಲಿ ಅಲ್ಲ. ಇದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಮಾತು.

"ಆರು ತಿಂಗಳಾ?" ಎಂದು ಅಜ್ಜಿ ತಮ್ಮ ಪಾಸ್‌ಪೋರ್ಟ್ ಇಟ್ಟ ಡ್ರಾಯರಿನ ಕಡೆ ನೋಡುತ್ತಾರೆ. ಒಂದು ಸರ್ಕಾರಕ್ಕೂ ಒಂದು ವೈದ್ಯರ ಸಂಘಕ್ಕೂ ಇಷ್ಟು ಚೆನ್ನಾಗಿ ಹೊಂದಾಣಿಕೆಯಾದದ್ದನ್ನು ಅವರು ಕಂಡಿದ್ದಿಲ್ಲ.

ಅಂಗಾತ ಮಲಗಿಸುವ ವಿಷಯದಲ್ಲಂತೂ ಅಜ್ಜಿಗೆ ನಗುವೇ ಬರುತ್ತದೆ. ನಾವೇನು ಎಳೇ ಕೂಸನ್ನು ಬೋರಲು ಹಾಕುತ್ತಿದ್ದೆವೇ? ಅದು ತಾನಾಗಿ ಬೋರಲು ಬಿದ್ದ ದಿನ ಮನೆಯಲ್ಲಿ ಸಿಹಿ ಮಾಡುತ್ತೇವೆ! ಇಲ್ಲಿ ಅಜ್ಜಿಯ ಪರವಾಗಿ ಎರಡು ಮಾತು ಹೇಳಲೇಬೇಕು. ಅಮೆರಿಕದ ಮನೆಮನೆಯಲ್ಲಿದ್ದ ಡಾಕ್ಟರ್ ಸ್ಪಾಕ್ ಅವರ ಶಿಶುಪಾಲನೆಯ ಪುಸ್ತಕ 1950ರ ದಶಕದಿಂದ ದಶಕಗಟ್ಟಲೆ ಬೋರಲು ಮಲಗಿಸುವುದನ್ನೇ ಹೇಳಿಕೊಟ್ಟಿತು. ಅಂಗಾತ ಮಲಗಿಸಬೇಕೆಂದು ಅಕಾಡೆಮಿ ಹೇಳಿದ್ದು 1992ರಲ್ಲಿ, ದೇಶವ್ಯಾಪಿ ಪ್ರಚಾರ ಶುರುವಾದದ್ದು 1994ರಲ್ಲಿ. ಅದಾದಮೇಲೆ ನಿದ್ದೆಯಲ್ಲೇ ಹಠಾತ್ತನೆ ಕೂಸು ತೀರಿಕೊಳ್ಳುವ ಪ್ರಕರಣಗಳು ಕೆಲವೇ ವರ್ಷಗಳಲ್ಲಿ ಅರ್ಧಕ್ಕೆ ಅರ್ಧ ಇಳಿದವು. ಇದನ್ನು ಯಾರಾದರೂ ಅಜ್ಜಿಗೆ ಹೇಳಿದರೋ, ಕೆಟ್ಟಿತು. ಮುಂದಿನ ಆರು ತಿಂಗಳೂ ಯಾವ ಮಾತಿಗೆ ಯಾರು ಎದುರಾಡಿದರೂ "ಇವರಿಗೆ ಮಗು ಮಲಗಿಸೋಕೆ ಬಂದಿದ್ದೇ ಮೊನ್ನೆ ಮೊನ್ನೆ ಕಣೇ" ಎಂಬ ಉತ್ತರ ಸಿದ್ಧ.

ಆದರೆ ಸಾಸಿವೆ ದಿಂಬಿನ ವ್ಯಾಜ್ಯದಲ್ಲಿ ನಾನು ಮಗಳ ಕಡೆ. ಎಳೆಗೂಸಿನ ಮೂಗಿನ ಹತ್ತಿರ ಮೆತ್ತಗಿನದೇನೂ ಇರಬಾರದು, ಅದರಲ್ಲಿ ರಾಜಿಯಿಲ್ಲ. ಅಜ್ಜಿ ದಿಂಬಿಡುತ್ತಾರೆ, ಮಗಳು ತೆಗೆಯುತ್ತಾಳೆ. ಅಜ್ಜಿ ಸ್ನಾನಕ್ಕೆ ಹೋದಾಗ ದಿಂಬು ಮಾಯವಾಗುತ್ತದೆ, ಮಗಳು ಮೀಟಿಂಗಿನಲ್ಲಿದ್ದಾಗ ಪ್ರತ್ಯಕ್ಷವಾಗುತ್ತದೆ. ಕೊನೆಗೊಂದು ಸಂಜೆ ಒಗ್ಗರಣೆ ಡಬ್ಬಿ ಖಾಲಿಯಾಗಿ, ಇಂಡಿಯನ್ ಅಂಗಡಿ ಇಪ್ಪತ್ತು ಮೈಲಿ ದೂರವಿದ್ದು, ಸಾರಿಗೆ ಸಾಸಿವೆ ಇಲ್ಲದಂತಾಗಿ ವ್ಯಾಜ್ಯ ತಾನಾಗಿ ಬಗೆಹರಿಯುತ್ತದೆ.

ಅಜ್ಜಿಯ ನಿಜವಾದ ಪ್ರತಾಪ ಕಾಣುವುದು ರಾತ್ರಿ. ಬೆಂಗಳೂರಿಗೂ ನ್ಯೂಜೆರ್ಸಿಗೂ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆಯ ಅಂತರ. ಹಾಗಾಗಿ ಬಂದ ಹೊಸದರಲ್ಲಿ ಅಜ್ಜಿಗೆ ರಾತ್ರಿ ಎರಡು ಗಂಟೆಗೆ ಸರಿಯಾಗಿ ಎಚ್ಚರ, ಮಧ್ಯಾಹ್ನದ ಊಟದ ಹಸಿವು. ಆಗ ತಾನೇ ಹುಟ್ಟಿದ ಕೂಸಿಗೂ ಹಗಲು ರಾತ್ರಿಯ ಭೇದವಿಲ್ಲ. ಇಡೀ ಮನೆಯಲ್ಲಿ ಭಾರತೀಯ ಕಾಲಮಾನ ಪಾಲಿಸುವವರು ಇವರಿಬ್ಬರೇ. ಮಗಳು ಹಾಲೂಡಿಸಿ ಹಾಸಿಗೆಗೆ ಬಿದ್ದರೆ ಮಿಕ್ಕ ರಾತ್ರಿಯೆಲ್ಲ ಇವರ ಸಂಸಾರ. ಅಜ್ಜಿ ಊರಿನ ಸುದ್ದಿಯನ್ನೆಲ್ಲ ಹೇಳುತ್ತಾರೆ, ಯಾರ ಮದುವೆಯಲ್ಲಿ ಯಾರು ಊಟಕ್ಕೆ ಕೂರದೆ ಎದ್ದುಹೋದರೆಂಬುದನ್ನು ಕೂಡ. ಕೂಸು ಕಣ್ಣು ಬಿಟ್ಟುಕೊಂಡು ಕೇಳುತ್ತದೆ.

ಇಂಥ ಒಂದು ರಾತ್ರಿ ಮಗಳು ಎಚ್ಚರಗೊಂಡು ಫೋನಿನಲ್ಲಿ ಕ್ಯಾಮೆರಾ ನೋಡಿದರೆ, ತೊಟ್ಟಿಲು ಖಾಲಿ. ಓಡಿ ಬಂದರೆ ಅಜ್ಜಿ ಸೋಫಾದಲ್ಲಿ, ಕೂಸು ಅಜ್ಜಿಯ ಎದೆಯ ಮೇಲೆ.

"ಅಮ್ಮಾ, ಸೋಫಾದಲ್ಲಿ ಎತ್ತಿಕೊಂಡು ಮಲಗಬಾರದು ಅಂತ ಎಷ್ಟು ಸಲ ಹೇಳಿದೀನಿ?"

"ನಾನೆಲ್ಲಿ ಮಲಗಿದ್ದೆ? ಕೂತಿದ್ದೆ."

"ಗೊರಕೆ ಹೊಡೀತಿದ್ದೆ."

"ಅದು ನಿಮ್ಮಪ್ಪ."

ಹಾಸಿಗೆಗಿಂತ ಸೋಫಾ ಹೆಚ್ಚು ಅಪಾಯ ಎಂಬ ಮಗಳ ಮಾತು ಸರಿಯೇ. ಅಲ್ಲಿಂದ ಮುಂದೆ ನೆಲದ ಮೇಲೆ ಗೋಡೆಗೊರಗಿ, ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನಿಟ್ಟುಕೊಂಡು ಅಲ್ಲಾಡಿಸುವುದೆಂದು ಒಪ್ಪಂದವಾಯಿತು. ಮಲಗಿದೊಡನೆ ತೊಟ್ಟಿಲಿಗೆ. "ಮಲಗಿದೊಡನೆ" ಎಂದರೆ ಎಷ್ಟು ಹೊತ್ತು ಎಂಬುದನ್ನು ಒಪ್ಪಂದದಲ್ಲಿ ಬರೆದಿರಲಿಲ್ಲ.

ತೊಟ್ಟಿಲು ಎಂದೆನಲ್ಲ, ಅದು ಡಾಕ್ಟರ್ ಹಾರ್ವೆ ಕಾರ್ಪ್ ಎಂಬವರು 2016ರಲ್ಲಿ ಮಾರುಕಟ್ಟೆಗೆ ತಂದ ಸ್ನೂ. ಕರೆಂಟಿನ ತೊಟ್ಟಿಲು. ಅಳು ಕೇಳಿದೊಡನೆ ತಾನೇ ತೂಗುತ್ತದೆ, ಅಳು ಜೋರಾದರೆ ತೂಗುವುದೂ ಜೋರು, ಜೊತೆಗೆ ಮಳೆ ಸುರಿದಂಥ ಶಬ್ದ. ಕೊಂಡರೆ ಸಾವಿರ ಡಾಲರಿಗೂ ಮೇಲೆ, ಆದ್ದರಿಂದ ಅಳಿಯ ಬಾಡಿಗೆಗೆ ತಂದಿದ್ದಾನೆ. ಕಾಲಿನ ಹೆಬ್ಬೆರಳಿಗೆ ತೊಟ್ಟಿಲ ಹಗ್ಗ ಕಟ್ಟಿಕೊಂಡು ಹುರುಳಿಕಾಯಿ ಸೋಸುತ್ತಲೇ ಎರಡು ಮಕ್ಕಳನ್ನು ಬೆಳೆಸಿದ ಹೆಂಗಸಿಗೆ ಇದು ನೇರ ಅವಮಾನ. ನಾಮಕರಣದ ದಿನ ಅದಕ್ಕೇ ಹೂವಿನ ಮಾಲೆ ಸುತ್ತಿ, ಊರ ಕಡೆಯ ಹೆಂಗಸರೆಲ್ಲ ಸುತ್ತ ನಿಂತು, ಮಗುವನ್ನು ಒಳಗೆ ಮಲಗಿಸಿ, ಚೀಲದ ಕೊಂಡಿ ಸಿಗಿಸಿ, ಕಿವಿಯಲ್ಲಿ ಹೆಸರು ಹೇಳಿದರು. ಕೂಸು ಹೆಸರು ಕೇಳಿ ಕಿರುಚಿತು. ತೊಟ್ಟಿಲು ತಾನಾಗಿ ತೂಗತೊಡಗಿತು. ತೂಗಲೆಂದು ಕೈ ಚಾಚಿದ್ದ ಮುತ್ತೈದೆಯರು ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಹಾಡು ಮಾತ್ರ ಹೇಳಿದರು.

ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಅಜ್ಜಿಯೂ ಜೊತೆಗೆ. ಮಗು ಎಲ್ಲಿ ಮಲಗುತ್ತದೆ ಎಂಬುದು ಅಲ್ಲಿ ತಪ್ಪದೆ ಬರುವ ಪ್ರಶ್ನೆ. ಮಗಳು ಬಾಯಿ ತೆರೆಯುವುದರೊಳಗೆ ಅಜ್ಜಿ "ಕ್ರಿಬ್, ಕ್ರಿಬ್" ಎಂದು ಎರಡು ಸಲ ಸಾಕ್ಷಿ ನುಡಿದು ಸೆರಗು ಸರಿಮಾಡಿಕೊಳ್ಳುತ್ತಾರೆ. ಈ ಉತ್ತರವನ್ನು ಕಲಿಸಿದ್ದು ಪಾರ್ಕಿನ ಬೆಂಚು. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮಗಳು ಕೊಡಿಸಿದ ಶೂ ಹಾಕಿಕೊಂಡು ಸಂಜೆ ಅಲ್ಲಿ ಸೇರುವ ಇತರ ಆರು ತಿಂಗಳ ಅಜ್ಜಿಯರ ಸಂಘ ಇಂಥ ವಿಷಯಗಳಲ್ಲಿ ಉಚಿತ ಕಾನೂನು ಸಲಹೆ ಕೊಡುತ್ತದೆ. ಉತ್ತರಕ್ಕೆ ತಲೆ ಹಾಕದಂತೆ ಹಾಸಿಗೆ ತಿರುಗಿಸಲು ಫೋನಿನಲ್ಲೇ ದಿಕ್ಸೂಚಿ ಇದೆ ಎಂದು ಹೇಳಿಕೊಟ್ಟವರೂ ಅಲ್ಲಿಯ ಒಬ್ಬ ಗುಜರಾತಿ ಅಜ್ಜಿ.

ಅಂತೂ ಮಗು ಅಪ್ಪ ಅಮ್ಮನ ಕೋಣೆಯಲ್ಲಿ, ಅಜ್ಜಿ ಅದೇ ಕೋಣೆಯ ಬಾಗಿಲ ಬಳಿ ಚಾಪೆಯ ಮೇಲೆ. ಹಾಗಾದರೆ ಮೋಡದ ಗೋಡೆಯ ಕೋಣೆ? ಮಗುವಿಗೆ ನಿದ್ದೆ ಕೆಡುತ್ತದೆಂದು ಗೊರಕೆಯ ತಾತನನ್ನು ಗಡೀಪಾರು ಮಾಡಿದ್ದು ಅಲ್ಲಿಗೇ. ಗಾಳಿ ತುಂಬಿದ ಹಾಸಿಗೆಯ ಮೇಲೆ ಅಂಗಾತ, ದಿಂಬಿಲ್ಲದೆ, ಬಟ್ಟೆಯ ಆನೆಗಳ ಕೆಳಗೆ, ಅಕಾಡೆಮಿಯ ಎಲ್ಲ ನಿಯಮಗಳನ್ನೂ ಪಾಲಿಸುತ್ತಾ ಅವರು ಎಂಟು ಗಂಟೆ ಒಂದೇ ಸಮನೆ ನಿದ್ರಿಸುತ್ತಾರೆ. ಮನೆಯಲ್ಲಿ ಬೇರೆ ಯಾರಿಗೂ ಆ ಭಾಗ್ಯವಿಲ್ಲ.

ಆರು ತಿಂಗಳು ಮುಗಿಯುತ್ತದೆ. ಅಜ್ಜಿಯ ವಿಮಾನ ಹೊರಡುತ್ತದೆ. ಅಳಿಯನ ತಾಯಿ ಧಾರವಾಡದಿಂದ ಬರುವುದಕ್ಕೆ ಹತ್ತು ದಿನ ಇದೆ. ಈ ಹತ್ತು ದಿನವನ್ನು ಗಂಡ ಹೆಂಡತಿ ತಿಂಗಳುಗಳಿಂದ ಗುಟ್ಟಾಗಿ ಕಾದಿಟ್ಟಿದ್ದಾರೆ. ರಿಚರ್ಡ್ ಫರ್ಬರ್ ಎಂಬ ಬಾಸ್ಟನ್ನಿನ ವೈದ್ಯರು 1985ರಲ್ಲಿ ಬರೆದ ಪುಸ್ತಕದ ವಿಧಾನವೊಂದಿದೆ. ಮಗುವನ್ನು ಎಚ್ಚರವಿರುವಾಗಲೇ ಮಲಗಿಸಿ ಹೊರಗೆ ಬರಬೇಕು. ಅತ್ತರೆ ಐದು ನಿಮಿಷ ಬಿಟ್ಟು ಹೋಗಿ ಸಮಾಧಾನ ಮಾಡಬೇಕು, ಎತ್ತಿಕೊಳ್ಳಬಾರದು. ಆಮೇಲೆ ಹತ್ತು ನಿಮಿಷ ಬಿಟ್ಟು, ಹೀಗೆ ಹೆಚ್ಚಿಸುತ್ತಾ ಹೋಗಬೇಕು. ಈ ವಿಧಾನಕ್ಕೆ ಮುಖ್ಯವಾಗಿ ಬೇಕಾದದ್ದು ಅಜ್ಜಿ ಇಲ್ಲದ ಮನೆ.

ಮೊದಲ ರಾತ್ರಿ, ಮೊದಲ ಐದು ನಿಮಿಷದ ಮೂರನೆಯ ನಿಮಿಷದಲ್ಲಿ ವಾಟ್ಸಾಪ್ ಕರೆ ಬಂತು. ಮೈಸೂರಿನಲ್ಲಿ ಆಗ ಬೆಳಗಿನ ಕಾಫಿಯ ಹೊತ್ತು. ಮಗಳು ಅಭ್ಯಾಸಬಲದಿಂದ ಎತ್ತಿಬಿಟ್ಟಳು.

"ಯಾಕೆ ಅಳ್ತಿದೆ ಮಗು? ಎಲ್ಲಿದೆ? ಎತ್ಕೊಳ್ಳೇ!"

"ಅಮ್ಮಾ, ಟ್ರೈನಿಂಗ್ ಮಾಡ್ತಿದೀವಿ."

ಅಜ್ಜಿ ಕರೆಯನ್ನು ಕತ್ತರಿಸಿದರು. ಮಗಳಿಗೆ ಆಶ್ಚರ್ಯವಾಯಿತು, ಅಮ್ಮ ಇಷ್ಟು ಸುಲಭವಾಗಿ ಒಪ್ಪುವವಳಲ್ಲ. ಒಪ್ಪಿರಲಿಲ್ಲ. ಅವರು ಧಾರವಾಡಕ್ಕೆ ಫೋನು ಮಾಡುತ್ತಿದ್ದರು. ಮದುವೆಯ ಊಟದ ಎಲೆಗೆ ಹೋಳಿಗೆ ಮೊದಲೋ ಚಿತ್ರಾನ್ನ ಮೊದಲೋ ಎಂಬಲ್ಲಿಂದ ಹಿಡಿದು ಬೀಗಿತ್ತಿಯರಿಬ್ಬರಿಗೂ ಯಾವುದರಲ್ಲೂ ಮತ ಕೂಡಿದ್ದಿಲ್ಲ. ತೊಟ್ಟಿಲೆಂದರೆ ಕಲಘಟಗಿಯದು, ತಮ್ಮ ಅಟ್ಟದ ಮೇಲಿರುವ ಅರಗಿನ ಬಣ್ಣದ ಸಾಗುವಾನಿ ತೊಟ್ಟಿಲನ್ನೇ ಹಡಗಿನಲ್ಲಿ ಕಳಿಸುತ್ತೇನೆ ಎಂದು ಧಾರವಾಡದವರು ಹಟ ಹಿಡಿದಾಗ ಮೈಸೂರಿನವರು ಮೂರು ವಾರ ಮಾತು ಬಿಟ್ಟಿದ್ದರು.

ಹತ್ತು ನಿಮಿಷದಲ್ಲಿ ಅಳಿಯನ ಫೋನಿಗೆ ಅವನ ತಾಯಿಯ ಕರೆ ಬಂತು. "ಕೂಸು ಹಂಗ ಅಳ್ಳಾಕತ್ತೇತಂತ, ನೀವು ಗಡಿಯಾರ ನೋಡಕೋತ ಹೊರಗ ನಿಂತೀರಂತ? ನಾ ಬರತೇನಿ ತಡಿ."

ನಾಲ್ಕನೆಯ ದಿನ ಅವರು ಕೌದಿಯ ಗಂಟಿನ ಸಮೇತ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಇಳಿದರು. ಟಿಕೆಟ್ ಮುಂಚಿನ ದಿನಕ್ಕೆ ಬದಲಾಯಿಸಿದ್ದಕ್ಕೆ ಎಷ್ಟು ದಂಡ ತೆತ್ತರೆಂದು ಎಷ್ಟು ಕೇಳಿದರೂ ಹೇಳಲಿಲ್ಲ. ಬೀಗಿತ್ತಿಯರು ಅರ್ಧರ್ಧ ಹಾಕಿಕೊಂಡರೆಂದು ಆಮೇಲೆ ತಾತನಿಂದ ಗೊತ್ತಾಯಿತು.