ಹಿಂದಿನ ಕಥೆಯ ಹೊಸ ವಕೀಲ

ಬಾಳಗಡಿಯ ಅಡಿಕೆ ಚಪ್ಪರದಡಿ ಮೆಟ್ಟುಗತ್ತಿ ಮುಂದೆ ಕೂತ ಅಳಿಯ 2025ರ ‘ಕಾಂತಾರ ಚಾಪ್ಟರ್ 1’ ಪರ ವಕಾಲತ್ತು ಹಾಕಿದ್ದ.

“2022ರ ‘ಕಾಂತಾರ’ದಲ್ಲಿ ಕಂಬಳ, ಕೋಲ, ಅರಣ್ಯ ಇಲಾಖೆ, ಎಲ್ಲ ಪಕ್ಕದ ಮನೆಯದ್ದೇ. ಇದ್ರಲ್ಲೆಂತ ಮಾರಾಯ, ಬರೀ ರಥ, ರಾಜ, ಯುದ್ಧ!” ಎಂದರು ಮಾವ.

“ಕದಂಬರ ಕಾಲ ಮಾವ. ಆಗ ಅರಣ್ಯ ಇಲಾಖೆ ಎಲ್ಲಿತ್ತು?”

“ಗ್ರಾಫಿಕ್ಸ್ ಹುಲಿ ಇತ್ತಾ?”

ಅಳಿಯ ಅಡಿಕೆ ಬಿಟ್ಟು ಅಮೆರಿಕಕ್ಕೆ ಹಾರಿದ. “1977ರ ‘ಸ್ಟಾರ್ ವಾರ್ಸ್’ಗೆ 1999ರಲ್ಲಿ ಪೂರ್ವಕಥೆ ಬಂದಾಗಲೂ ಜನ ಬೈದ್ರು. ಜಾರ್ ಜಾರ್ ಅನ್ನೋ ಪಾತ್ರಕ್ಕಂತೂ ಉಗಿದದ್ದೇ ಉಗಿದದ್ದು. ಆಗ ಮಕ್ಕಳಾಗಿದ್ದವರೇ ಈಗ ಅದರ ಅಭಿಮಾನಿಗಳು!”

“ಹಾಗಾದ್ರೆ ನಂಗಿದು ಇಷ್ಟ ಆಗೋಕೆ ಇನ್ನೂ ಇಪ್ಪತ್ತು ವರ್ಷ ಬೇಕು?”

“ಇನ್ನೊಂದ್ಸಲ ನೋಡಿದ್ರೆ ಸಾಕು.” (ಅಭಿಮಾನಿಗಳ ಕಾನೂನಿನಲ್ಲಿ ತಪ್ಪೆಲ್ಲ ಮೊದಲ ಸಲ ನೋಡಿದವನದೇ.)

“ಟಿಕೆಟ್ಟಿನ ದುಡ್ಡು ನೀನು ಕೊಡ್ತೀಯಾ?”

“ಅದು ಮುಂದಿನ ಭಾಗದಲ್ಲಿ ಗೊತ್ತಾಗುತ್ತೆ, ಮಾವ.”