ಹೊರನಾಡ ಕುಟುಂಬದಲ್ಲಿ ಕೈಜಿಪಿಎಸ್ಸಿನ ಸ್ಥಾನಮಾನ

ಹೊರನಾಡ ಕನ್ನಡ ಕುಟುಂಬಗಳ ಕಾರು ಪ್ರವಾಸವನ್ನು ಅಧ್ಯಯನ ಮಾಡಹೊರಟವರು ಮೊದಲು ಮನಗಾಣಬೇಕಾದ ಸಂಗತಿಯೆಂದರೆ, ದಾರಿ ತಪ್ಪಿದ ಕಾರಿನೊಳಗೆ ನಡೆಯುವ ಚರ್ಚೆಯ ವಸ್ತು ದಾರಿಯಲ್ಲ, ಅಧಿಕಾರ. ಸ್ಟಿಯರಿಂಗ್ ಹಿಡಿದ ತಂದೆ, ಮಡಿಲಲ್ಲಿ ನಕ್ಷೆ ಹರಡಿಕೊಂಡ ತಾಯಿ, ಆರು ತಿಂಗಳ ಮಟ್ಟಿಗೆ ಗೋಕಾಕ ಸೀಮೆಯ ಘಟಪ್ರಭಾದಿಂದ ಬಂದು ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜ-ಅಜ್ಜಿ, ಅವರಿಬ್ಬರ ನಡುವೆ ಸಿಕ್ಕಿಕೊಂಡ ಮೊಮ್ಮಗ ಎಂಬ ಐವರಲ್ಲಿ ಅಸಮಾನವಾಗಿ ಹಂಚಿಹೋಗಿದ್ದ ಈ ಅಧಿಕಾರವನ್ನು, ಯಾರನ್ನೂ ಕೇಳದೆ ತನ್ನದಾಗಿಸಿಕೊಂಡ ಆರನೆಯ ಸದಸ್ಯನೇ ಕೈಜಿಪಿಎಸ್.

ಕೈಜಿಪಿಎಸ್ ಎಂದರೆ ಅಂಗೈಯಲ್ಲಿ ಹಿಡಿಯಬಹುದಾದ, ರಬ್ಬರಿನ ಅಂಚುಳ್ಳ, ಎರಡು ಪೆನ್ಸಿಲ್ ಸೆಲ್ಲುಗಳಿಂದ ನಡೆಯುವ ಗ್ರಾಹಕ ಯಂತ್ರ. ಗ್ರಾಹಕ ಎಂದದ್ದು ಏಕೆಂದರೆ ಅದು ಯಾರಿಗೂ ಏನನ್ನೂ ಕಳುಹಿಸದೆ, ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಹೇಳುವುದನ್ನು ಸುಮ್ಮನೆ ಕೇಳಿಸಿಕೊಳ್ಳುತ್ತದೆ, ಮತ್ತು ಈ ಗುಣದಿಂದಾಗಿಯೇ ಕುಟುಂಬದಲ್ಲಿ ಅದಕ್ಕೆ ಸಮಾನರಾದವರು ಇನ್ನೊಬ್ಬರಿಲ್ಲ. ಪ್ರತಿ ಉಪಗ್ರಹವೂ ತಾನಿರುವ ಸ್ಥಾನವನ್ನೂ ತನ್ನ ಪರಮಾಣು ಗಡಿಯಾರದ ಸಮಯವನ್ನೂ ಸಾರುತ್ತದೆ. ಆ ಸಾರಿಕೆ ಕೆಳಗೆ ತಲುಪಲು ಹಿಡಿದ ಸಮಯದಿಂದ ಉಪಕರಣವು ದೂರವನ್ನು ಲೆಕ್ಕ ಹಾಕುತ್ತದೆ. ಸ್ಥಳ ತಿಳಿಯಲು ಮೂರು ಉಪಗ್ರಹಗಳು ಸಾಕಾದರೂ, ಕೈಯಲ್ಲಿರುವ ಉಪಕರಣದ ಅಗ್ಗದ ಗಡಿಯಾರವನ್ನು ತಿದ್ದಲು ನಾಲ್ಕನೆಯದು ಬೇಕಾಗುತ್ತದೆ. ಮೂವರು ಹೇಳಿದ್ದನ್ನು ಸರಿಪಡಿಸಲು ನಾಲ್ಕನೆಯವರೊಬ್ಬರು ಇರಲೇಬೇಕೆಂಬ ಈ ನಿಯಮವು ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಹೊಸದಲ್ಲ.

ಅಮೆರಿಕದ ಸೇನೆಗಾಗಿ ಹುಟ್ಟಿದ ಈ ವ್ಯವಸ್ಥೆಯ ಮೊದಲ ಉಪಗ್ರಹ 1978ರಲ್ಲಿ ಮೇಲೇರಿತಾದರೂ, ಸಾಮಾನ್ಯ ಜನರಿಗೆ ದೊರೆಯುವ ಸಂಕೇತವನ್ನು 2000ದ ಮೇ ತಿಂಗಳವರೆಗೆ ಬೇಕೆಂದೇ ಮಸುಕಾಗಿಸಲಾಗಿತ್ತು; ಆಗ ಉಪಕರಣ ತೋರಿಸಿದ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರಿನಷ್ಟು ಅಂತರವಿರಬಹುದಾಗಿತ್ತು. ಅಧ್ಯಕ್ಷ ಕ್ಲಿಂಟನ್ ಅವರ ಆದೇಶದಿಂದ ಆ ಮಸುಕು ತೆಗೆದುಹಾಕಲ್ಪಟ್ಟ ಬೆನ್ನಲ್ಲೇ ಆರೆಗಾನ್ ರಾಜ್ಯದಲ್ಲಿ ಒಬ್ಬಾತ ಬಕೆಟ್ಟೊಂದನ್ನು ಕಾಡಿನಂಚಿನಲ್ಲಿ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಜಗತ್ತಿಗೆ ತಿಳಿಸಿದನು. ಜಿಯೋಕ್ಯಾಚಿಂಗ್ ಎಂದು ಹೆಸರಾದ, ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟ ಹುಟ್ಟಿದ್ದು ಹೀಗೆ. ಮೊಮ್ಮಕ್ಕಳು ಈ ಆಟವನ್ನು ಅಜ್ಜಿಗೆ ವಿವರಿಸಿದಾಗ, ಜೀವಮಾನವಿಡೀ ಸಾಸಿವೆ ಡಬ್ಬಿಯಲ್ಲಿ ರೊಕ್ಕ ಬಚ್ಚಿಟ್ಟು ಮನೆ ನಡೆಸಿದ ಆಕೆ ಎತ್ತುವ ಆಕ್ಷೇಪ ಶಾಸ್ತ್ರೀಯವಾದುದು: “ಬಚ್ಚಿಟ್ಟ ಮ್ಯಾಲ ಊರಿಗೆಲ್ಲಾ ಹೇಳೂದಾದ್ರ, ಬಚ್ಚಿಡೂದರ ಯಾಕ?” ಇದಕ್ಕೆ ಸಮರ್ಪಕ ಉತ್ತರವನ್ನು ಆ ಆಟದ ಪಂಡಿತರು ಈವರೆಗೆ ಕೊಟ್ಟಂತಿಲ್ಲ.

ಗೋಕಾಕ ಸೀಮೆಯ ಹಿರಿಯರು ಅಮೆರಿಕದಲ್ಲಿ ಈ ಉಪಕರಣವನ್ನು ನಿಜವಾದ ಪರೀಕ್ಷೆಗೆ ಒಡ್ಡುವುದು ನಯಾಗರದಲ್ಲಿ. ಕುದುರೆ ಲಾಳದ ಆಕಾರದ ಆ ಜಲಪಾತದ ಎತ್ತರ ಸುಮಾರು 57 ಮೀಟರ್. ಘಟಪ್ರಭಾ ನದಿ ಗೋಕಾಕದ ಬಳಿ ಬಂಡೆಯಿಂದ ಧುಮುಕುವ, ಅದೇ ಲಾಳದ ಆಕಾರದ ಜಲಪಾತದ ಎತ್ತರ ಸುಮಾರು 52 ಮೀಟರ್. ಮಗನು ರಜೆ ಹಾಕಿ, ಚಪಾತಿ ಶೇಂಗಾಚಟ್ನಿಗಳ ಗಂಟು ಕಟ್ಟಿಸಿ, ನ್ಯೂಜೆರ್ಸಿಯಿಂದ ಆರುನೂರು ಕಿಲೋಮೀಟರಿಗೂ ಮಿಗಿಲಾಗಿ ಕಾರು ಓಡಿಸಿ ತಂದೆಯನ್ನು ದಂಡೆಯ ಕಟಾಂಜನದ ಬಳಿ ನಿಲ್ಲಿಸಿದಾಗ, ಅಜ್ಜನು ಬಹಳ ಹೊತ್ತು ದಿಟ್ಟಿಸಿ ನೋಡಿ ಹೇಳುವುದು ಇಷ್ಟೇ: “ನಮ್ಮ ಫಾಲ್ಸೂ ಇಷ್ಟ ಎತ್ತರ ಐತಿ.” ಮಗ ಒಪ್ಪುವುದಿಲ್ಲ. ಉಪಕರಣವು ಎತ್ತರವನ್ನೂ ತೋರಿಸುವುದರಿಂದ ಮೊಮ್ಮಗನನ್ನು ಅಳತೆಗೆ ನೇಮಿಸಲಾಗುತ್ತದೆ. ಅವನು ಮೇಲೆ ಒಂದು ಅಂಕಿ ಬರೆದುಕೊಂಡು, ನೀಲಿ ಪ್ಲಾಸ್ಟಿಕ್ ಅಂಗಿ ತೊಟ್ಟು, ಕೆಳಗಿನ ದೋಣಿಯಲ್ಲಿ ತುಂತುರಿಗೆ ಮೈಯೊಡ್ಡಿ ಮತ್ತೊಂದು ಅಂಕಿ ಬರೆದುಕೊಳ್ಳುತ್ತಾನೆ.

ಇಲ್ಲಿ ಒಂದು ವೈಜ್ಞಾನಿಕ ತೊಡಕು ಎದುರಾಗುತ್ತದೆ. ಬಯಲಿನಲ್ಲಿ ನಿಂತ ಕೈಜಿಪಿಎಸ್ ಸ್ಥಳವನ್ನು ಮೂರರಿಂದ ಐದು ಮೀಟರುಗಳ ಒಳಗೆ ಹೇಳಬಲ್ಲದಾದರೂ ಎತ್ತರವನ್ನು ಅಷ್ಟು ನಿಖರವಾಗಿ ಹೇಳಲಾರದು. ಏಕೆಂದರೆ ಅಕ್ಕಪಕ್ಕದ ಎಲ್ಲ ದಿಕ್ಕುಗಳಿಂದಲೂ ಉಪಗ್ರಹಗಳು ಸಾಕ್ಷಿ ನುಡಿಯುತ್ತವೆ, ಆದರೆ ಮೇಲಿನಿಂದ ಬರುವ ಸಾಕ್ಷಿಯನ್ನು ಪರೀಕ್ಷಿಸಲು ಭೂಮಿಯ ಕೆಳಗಡೆಯಿಂದ ಯಾವ ಉಪಗ್ರಹವೂ ಕಾಣುವುದಿಲ್ಲ. ಕಮರಿಯೊಳಗೆ ಇಳಿದಾಗ ಬಂಡೆಗೋಡೆಗಳು ಆಕಾಶದ ಅರ್ಧವನ್ನು ಮರೆಮಾಡಿ, ಸಂಕೇತಗಳನ್ನು ಪ್ರತಿಫಲಿಸಿ, ತಪ್ಪನ್ನು ಇನ್ನಷ್ಟು ಹಿಗ್ಗಿಸುತ್ತವೆ. ಎರಡು ಜಲಪಾತಗಳ ನಡುವಿನ ವ್ಯತ್ಯಾಸ ಐದು ಮೀಟರ್, ಉಪಕರಣದ ತಪ್ಪು ಅದಕ್ಕಿಂತ ಹೆಚ್ಚು. ಆದ್ದರಿಂದ ಅಜ್ಜನ ಮಾತನ್ನು ಅಲ್ಲಗಳೆಯಲು ವಿಜ್ಞಾನದಲ್ಲಿ ಆಧಾರ ಸಿಗುವುದಿಲ್ಲ. ನಯಾಗರದ ಅಗಲವು 177 ಮೀಟರ್ ಅಗಲದ ಗೋಕಾಕ ಜಲಪಾತದ ಹಲವು ಪಟ್ಟು ಎಂಬುದನ್ನಾಗಲಿ, ಬೇಸಿಗೆಯಲ್ಲಿ ಗೋಕಾಕದಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತದೆಂಬುದನ್ನಾಗಲಿ ಅಜ್ಜನು ಪ್ರಸ್ತಾಪಿಸುವುದಿಲ್ಲ. ಅಜ್ಜಿ ಪ್ರಸ್ತಾಪಿಸುತ್ತಾಳೆ.

ಉಪಕರಣದ ನಿಜವಾದ ಪದಚ್ಯುತಿ ನಡೆಯುವುದು ಮಾತ್ರ ಕುಟುಂಬವು ರಜೆಗೆ ಊರಿಗೆ ಬಂದಾಗ. ಸೂಟ್‌ಕೇಸಿನಲ್ಲಿ ಯಾವುದನ್ನು ತರಬೇಕೆಂಬ ವಿವೇಕ ಇಲ್ಲಿ ಅಗತ್ಯ: ಕೇವಲ ಕೇಳಿಸಿಕೊಳ್ಳುವ ಸಾದಾ ಜಿಪಿಎಸ್ ಬೇರೆ, ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಉಪಕರಣ ಬೇರೆ, ಎರಡನೆಯದನ್ನು ಪರವಾನಗಿಯಿಲ್ಲದೆ ಭಾರತಕ್ಕೆ ತಂದ ವಿದೇಶಿ ಪ್ರವಾಸಿಗರನ್ನು ವಿಮಾನ ನಿಲ್ದಾಣಗಳಲ್ಲಿ ತಡೆದು ವಿಚಾರಿಸಿದ ಉದಾಹರಣೆಗಳಿವೆ. ಮಾತಾಡದೆ ಕೇಳಿಸಿಕೊಳ್ಳುವವರ ಮೇಲೆ ಸಂಶಯ ಕಡಿಮೆ.

ಉಪಕರಣಕ್ಕೆ ಗುರಿ ಹೇಳಲು ಹೊರಟರೆ ಊರಿನ ಹೆಸರೇ ಮೊದಲ ತೊಡಕು. ಘಟಪ್ರಭಾ ಎಂಬುದು ಸಹ್ಯಾದ್ರಿಯಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ನದಿ, ಅದೇ ಹೆಸರಿನ ರೈಲು ನಿಲ್ದಾಣ, ನಿಲ್ದಾಣದಿಂದ ಹೆಸರು ಪಡೆದ ಊರು, ಪಕ್ಷಿಧಾಮ, ನೀರಾವರಿ ಯೋಜನೆ ಎಲ್ಲವೂ ಹೌದು; ಕಾಗದಪತ್ರಗಳಲ್ಲಿ ಆ ಊರು ಮಲ್ಲಾಪುರ ಪಿ.ಜಿ. ಎಂದಿರುವುದೂ ಉಂಟು. ಹೆಸರಿನ ಗೊಡವೆ ಬೇಡವೆಂದು ಅಂಕಿಗಳನ್ನೇ ನಂಬಿದವರಿಗೆ ಎರಡನೆಯ ತೊಡಕು ಕಾದಿರುತ್ತದೆ. ಸುಮಾರು 16.25 ಡಿಗ್ರಿ ಉತ್ತರ ಅಕ್ಷಾಂಶ ಎಂದು ದಶಮಾಂಶದಲ್ಲಿ ಬರೆದದ್ದನ್ನು 16 ಡಿಗ್ರಿ 25 ನಿಮಿಷ ಎಂದು ಉಪಕರಣಕ್ಕೆ ಉಣಿಸಿದರೆ, ಡಿಗ್ರಿಗೆ 60 ನಿಮಿಷಗಳಿರುವುದರಿಂದ, ಗುರಿಯು ಹತ್ತು ನಿಮಿಷ, ಅಂದರೆ ಸುಮಾರು 18 ಕಿಲೋಮೀಟರ್ ಉತ್ತರಕ್ಕೆ ಸರಿದು, ರಾಯಬಾಗದ ದಿಕ್ಕಿನ ಯಾವುದೋ ಕಬ್ಬಿನ ಹೊಲದಲ್ಲಿ ಬೀಳುತ್ತದೆ. ರೇಖಾಂಶದ 74.75ನ್ನು ಹಾಗೆಯೇ ಉಣಿಸಹೋದರೆ, ನಿಮಿಷಗಳು 60ಕ್ಕೆ ಮುಗಿಯುತ್ತವೆಂಬ ಕಾರಣಕ್ಕೆ ಉಪಕರಣವು 75 ನಿಮಿಷವನ್ನು ನಿರಾಕರಿಸುತ್ತದೆ; ಆದರೆ “ಇಲ್ಲೇ ಹತ್ತ ಮಿನಿಟಿನ ದಾರಿ” ಎಂಬ ಮಾತು ಎರಡು ತಾಸಾದರೂ ಮುಗಿಯದ ನಾಡಿನಲ್ಲಿ ಬೆಳೆದ ತಂದೆಗೆ ನಿಮಿಷಕ್ಕೆ ಮಿತಿಯಿದೆಯೆಂಬುದೇ ಉಪಕರಣದ ದೋಷವಾಗಿ ತೋರುತ್ತದೆ.

ಹಿಂದಿನ ಸೀಟಿನಿಂದ ಅಜ್ಜನು “ಯಾರನರ ಕೇಳಪಾ” ಎನ್ನುವುದು ಇಂಥ ಹೊತ್ತಿನಲ್ಲೇ. ಕಾರು ನಿಲ್ಲುತ್ತದೆ, ಗಾಜು ಇಳಿಯುತ್ತದೆ, ಕಟ್ಟೆಯ ಮೇಲೆ ಕುಳಿತವರು ಎದ್ದು ಬರುತ್ತಾರೆ. “ಹಿಂಗ ಸೀದಾ ಹೋಗ್ರಿ, ಮುಂದೊಂದ ದೊಡ್ಡ ಬೇವಿನ ಗಿಡ ಬರತೈತಿ, ಅದನ್ನ ಬಿಟ್ಟ ಎಡಕ್ಕ ಹೊಳ್ಳ್ರಿ” ಎಂಬ ಈ ಮೌಖಿಕ ವ್ಯವಸ್ಥೆಗೆ ಸೆಲ್ಲು ಬೇಡ, ಆಕಾಶ ತೆರೆದಿರಬೇಕಿಲ್ಲ, ಜತೆಗೆ ಅದು ಯಾವ ಉಪಗ್ರಹವೂ ಕೇಳದ “ನೀವು ಯಾರ ಪೈಕಿ?” ಎಂಬ ಪ್ರಶ್ನೆಯನ್ನು ಕೇಳುತ್ತದೆ, ಮತ್ತು ಉತ್ತರ ಸಿಕ್ಕ ಮೇಲೆ ದಾರಿಯನ್ನು ಚಹಾದ ಕಡೆಗೆ ಬದಲಿಸುತ್ತದೆ.

ಕೈಜಿಪಿಎಸ್ಸು ಮೂಲತಃ ನೇರ ಗೆರೆಯ ಉಪಾಸಕ. ನಕ್ಷೆ ತುಂಬಿರದ ಹಳೆಯ ಮಾದರಿಗಳು ಬಿಳಿ ತೆರೆಯ ಮೇಲೊಂದು ಬಾಣವನ್ನು ಮಾತ್ರ ತೋರಿಸಿ, ನಡುವೆ ನದಿಯಿದೆಯೋ ಬೀಗರ ಮನೆಯಿದೆಯೋ ನೋಡದೆ ದೂರವನ್ನು ಸಾರುತ್ತವೆ. ಗೋಕಾಕ ಜಲಪಾತದ ಒಂದು ದಂಡೆಯಿಂದ ಇನ್ನೊಂದಕ್ಕೆ ಅದು ತೋರಿಸುವ ದೂರವನ್ನು ಸುಮಾರು 200 ಮೀಟರ್ ಉದ್ದದ ತೂಗುಸೇತುವೆಯು ನಿಜ ಮಾಡುತ್ತದಾದರೂ, ಸೇತುವೆಯ ಬಾಗಿಲು ಮುಚ್ಚಿದ ದಿನ ಅದೇ ದೂರ ಹಲವು ಪಟ್ಟು ಹಿಗ್ಗುತ್ತದೆ. ಹುಕ್ಕೇರಿ ತಾಲೂಕಿನ ಹುನ್ನೂರಿನ ವಿಠ್ಠಲ ದೇವಾಲಯದ ವಿಷಯವಂತೂ ಇನ್ನೂ ಸೂಕ್ಷ್ಮ: ಹಿಡಕಲ್ ಜಲಾಶಯದಲ್ಲಿ ಮುಳುಗಿ, ಬೇಸಿಗೆಯಲ್ಲಿ ನೀರು ಇಳಿದಾಗಲಷ್ಟೇ ಹೊರಬರುವ ಆ ಗುಡಿಯ ಗುರುತನ್ನು ಮೇ ತಿಂಗಳಲ್ಲಿ ಉಪಕರಣದೊಳಗೆ ಉಳಿಸಿಕೊಂಡವರು ಅಕ್ಟೋಬರಿನಲ್ಲಿ ಬಂದರೆ, ಬಾಣವು ಯಾವ ಸಂಕೋಚವೂ ಇಲ್ಲದೆ ನೀರಿನ ನಡುವನ್ನು ತೋರಿಸುತ್ತದೆ. ಅಂಕಿ ಸರಿಯಾಗಿಯೇ ಇರುತ್ತದೆ. ವಿಠ್ಠಲನೂ ಅಲ್ಲೇ ಇರುತ್ತಾನೆ.

ಈ ನಡುವೆ ಉಪಕರಣದ ಒಂದು ಸೆಲ್ಲು ಮಾಯವಾಗುವುದು ಸಾಮಾನ್ಯ. ಎರಡು ಸೆಲ್ಲುಗಳಿಂದ ಸುಮಾರು 20 ತಾಸು ನಡೆಯುವ ಉಪಕರಣವನ್ನು ಅಜ್ಜಿಯು ರಾತ್ರಿ ಬಿಚ್ಚಿ, ನಿಂತುಹೋಗಿದ್ದ ಗೋಡೆ ಗಡಿಯಾರಕ್ಕೆ ಒಂದನ್ನು ಹಾಕಿರುತ್ತಾಳೆ. ಬೆಳಿಗ್ಗೆ ಮಗ ಹುಡುಕಾಡಿದರೆ, ಪರಮಾಣು ಗಡಿಯಾರಗಳ ಮೇಲೆಯೇ ನಿಂತಿರುವ ವ್ಯವಸ್ಥೆಯಿಂದ ಸೆಲ್ಲು ಇನ್ನೊಂದು ಗಡಿಯಾರಕ್ಕೇ ಹೋಗಿದೆಯೆಂಬುದನ್ನು ಸಮಾಧಾನವಾಗಿ ತೆಗೆದುಕೊಳ್ಳಬೇಕು.

ಕೊನೆಗೂ ಊರಿನಲ್ಲಿ ಮನ್ನಣೆ ಪಡೆಯುವ ಸೌಲಭ್ಯ ಒಂದೇ: ಜಾಡು, ಅಂದರೆ ಉಪಕರಣ ಹೊತ್ತವರು ಹೋದ ದಾರಿಯನ್ನು ಅದು ತಾನಾಗಿ ಗೆರೆಯಾಗಿ ಬರೆದಿಡುವ ಕ್ರಮ. ನಡೆಯುವಾಗ ಗೆರೆ ಸಪೂರವಾಗಿರುತ್ತದೆ. ಒಂದೇ ಕಡೆ ಕುಳಿತಾಗ, ಪ್ರತಿ ಲೆಕ್ಕವೂ ಒಂದೆರಡು ಮೀಟರ್ ಆಚೀಚೆ ಸರಿಯುವುದರಿಂದ, ಆ ಜಾಗದಲ್ಲಿ ಗೀಚು ಬೆಳೆಯುತ್ತ ಹೋಗುತ್ತದೆ. ಬಂಧುಗಳ ಮನೆಗಳಿಗೆ ಹೋಗಿಬಂದ ದಿನದ ಜಾಡನ್ನು ಮೊಮ್ಮಗ ತೆರೆಯ ಮೇಲೆ ತೋರಿಸಿದಾಗ, ಎಷ್ಟು ದಟ್ಟ ಗೀಚೋ ಅಷ್ಟು ಹೊತ್ತು ಕುಳಿತದ್ದೆಂಬ ಗೂಢ ಅರ್ಥವನ್ನು ಮೊದಲು ಗ್ರಹಿಸುವವರು ಅವನ ಅತ್ತೆಯವರೇ. ಗೋಕಾಕದ ಕರದಂಟಿನ ಅಂಗಡಿಯ ಮುಂದೆ ಕಪ್ಪು ಉಂಡೆಯೇ ಬಿದ್ದಿದೆ, ಮೂಡಲಗಿಯ ಚಿಕ್ಕಮ್ಮನ ಮನೆಯಲ್ಲಿ ಒಳ್ಳೆಯ ಗೀಚಿದೆ, ತಮ್ಮ ಮನೆಯಲ್ಲಿ ಮಾತ್ರ ಗೆರೆ ಬಾಗಿಲವರೆಗೆ ಬಂದು ಹಾಗೇ ತಿರುಗಿದೆ. “ನಮ್ಮ ಮನ್ಯಾಗ ಇಷ್ಟ ಏನಪಾ ಕುಂತಿದ್ದು?” ಎಂಬ ಪ್ರಶ್ನೆಗೆ ಉಪಗ್ರಹದ ಸಾಕ್ಷಿ ಎದುರಿಗಿರುವಾಗ ಉತ್ತರ ಹೊಳೆಯುವುದಿಲ್ಲ, ಆದ್ದರಿಂದ ಮರುದಿನ ಬೆಳಿಗ್ಗೆ ಇಡೀ ಕುಟುಂಬವು ಗಡಿಯಾರದಿಂದ ಸೆಲ್ಲನ್ನು ಮರಳಿ ಪಡೆದು, ಅತ್ತೆಯ ಮನೆಗೆ ಊಟಕ್ಕೆ ಹೋಗಿ, ಗೀಚು ಮೂಡಲಗಿಯದಕ್ಕಿಂತ ದಪ್ಪವಾಗುವವರೆಗೆ ಎದ್ದು ಬರುವುದಿಲ್ಲ.